ಮನೆಯಲ್ಲಿ ಉಳಿದ ಎರಡು ಜ್ವರ

ರೇಷ್ಮೆ ಹುಳು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹಗಲಿರುಳೆನ್ನದೆ ಸೊಪ್ಪು ಮೇಯುತ್ತಿದ್ದ ಹುಳು ಒಂದು ಹೊತ್ತಿಗೆ ತಿನ್ನುವುದನ್ನು ಬಿಟ್ಟು, ತಲೆಯನ್ನು ಕೊಂಚ ಮೇಲೆತ್ತಿ, ಇದ್ದಲ್ಲೇ ಅಲುಗದೆ ಕೂತುಬಿಡುತ್ತದೆ. ಮೈ ಬೆಳೆದಿದೆ, ಚರ್ಮ ಬೆಳೆದಿಲ್ಲ. ಹೆಚ್ಚುಕಡಿಮೆ ಒಂದು ದಿನ ಹಾಗೇ ಇದ್ದು, ಹಳೆಯ ಪೊರೆ ಕಳಚಿ ಏಳುತ್ತದೆ. ಕಳಚಲಾರದ ಹುಳು ಉಳಿಯುವುದಿಲ್ಲ.

ಆ ಹೊತ್ತಿನಲ್ಲಿ ಸಾಕುವವರ ಕೆಲಸವೆಂದರೆ ಏನನ್ನೂ ಕೊಡದಿರುವುದು. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಟ್ಟು ಬರಬೇಕು, ಅಷ್ಟೇ. ಬೇಗ ಎದ್ದ ಒಂದಷ್ಟು ಹುಳು ಹಸಿದು ತಲೆಯಾಡಿಸಿದರೂ ಸೊಪ್ಪು ಹಾಕುವಂತಿಲ್ಲ. ನೂರಕ್ಕೆ 95ರಷ್ಟು ಎದ್ದ ಮೇಲೆಯೇ ಮೊದಲ ಸೊಪ್ಪು. ಅವಸರಪಟ್ಟರೆ ಹುಳುಗಳ ಬೆಳವಣಿಗೆ ಏರುಪೇರಾಗುತ್ತದೆ. ನಮ್ಮಜ್ಜಿ ತಟ್ಟೆಯ ಮೇಲೆ ಬಾಗಿ ನೋಡುತ್ತಿದ್ದರು. ಆಗಷ್ಟೇ ಎದ್ದ ಹುಳುವಿಗೆ ಮೈ ಸಡಿಲ, ತಲೆ ದೊಡ್ಡದು, ಬಣ್ಣ ಮಾಸಲು. "ಇನ್ನೂ ಇಲ್ಲ, ಸಾಯಂಕಾಲ ನೋಡೋಣ" ಎಂದು ಅವರು ಹೇಳಿದರೆ ಮನೆಗೆ ಮನೆಯೇ ಸಾಯಂಕಾಲದವರೆಗೆ ಬಿಡುವಾಗುತ್ತಿತ್ತು.

ಅಜ್ಜಿ ಈಗಿಲ್ಲ. ಬಿದಿರ ತಟ್ಟೆಗಳೂ ಇಲ್ಲ. ಸೊಪ್ಪನ್ನು ರೆಂಬೆಸಮೇತ ಹಾಕುವ ಪದ್ಧತಿ ಬಂದು ಹುಳು ತೋಟದ ಶೆಡ್ಡಿಗೆ ಹೋಯಿತು. ಬಹಳ ಮಂದಿ ಈಗ ಎಳೆ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳುವನ್ನೇ ತರುತ್ತಾರೆ. ಎಳೆ ಹುಳುವಿಗೆ ಬೇಕಾದ ಶಾಖ, ತೇವ ಅಲ್ಲಿ ಸರಿಯಾಗಿ ಸಿಗುತ್ತದೆ. ಮನೆಯ ಹೆಂಗಸರಿಗೆ ನಡು ಬೀಳುವ ದುಡಿಮೆಯೂ ತಗ್ಗಿದೆ. ಹಳೆಯದೇ ಚೆನ್ನಾಗಿತ್ತೆನ್ನಲು ನನಗೆ ಬಾಯಿ ಬಾರದು. ಆದರೂ ನಾಲ್ಕರಲ್ಲಿ ಎರಡು ಜ್ವರ ಮನೆ ಬಿಟ್ಟು ಹೋದವು. ಉಳಿದ ಎರಡರೊಳಗೆ ಫೋನು ಬಂದು ಕೂತಿತು.

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಹಿಂದೆ ಹರಾಜು ಕೂಗಿಯೇ ನಡೆಯುತ್ತಿತ್ತು. ಇ-ಹರಾಜು ಬಂದ ಮೇಲೆ ಗೂಡಿನಿಂದ ನೂಲು ತೆಗೆಯುವ ರೀಲರುಗಳು ಫೋನಿನಲ್ಲಿ ಬೆಲೆ ಒತ್ತುತ್ತಾರೆ. ಅಲ್ಲಿನ ಕೂಗಾಟ ತಗ್ಗಿತು, ನಮ್ಮ ಜೇಬಿನದು ಏರಿತು. ಮೊದಲು ಸಂತೆಯ ಗದ್ದಲ ಸಂತೆಯಲ್ಲೇ ಮುಗಿಯುತ್ತಿತ್ತು. ಈಗ ಜ್ವರದ ದಿನ, ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ, ರಾಮನಗರದ ಗೂಡಿನ ಬೆಲೆ, ಚಿಂತಾಮಣಿಯ ಟೊಮೆಟೊ ಬೆಲೆ ಒಂದರ ಹಿಂದೊಂದು ಬರುತ್ತವೆ. ನಾಲ್ಕನೇ ಜ್ವರ ಎದ್ದ ಹುಳು ಇನ್ನೂ ಒಂದು ವಾರ ಮೇಯಬೇಕು, ಹಣ್ಣಾಗಬೇಕು, ಚಂದ್ರಿಕೆಯ ತಟ್ಟಿಗೆ ಏರಿ ಗೂಡು ಕಟ್ಟಬೇಕು. ಮಾರುಕಟ್ಟೆ ಎರಡು ವಾರದ ಮೇಲಿನ ಮಾತು. ಇಂದು ನೋಡಿದ ಬೆಲೆ ಅಂದು ಇರುವುದೇ ಇಲ್ಲ. ತಪ್ಪಿಹೋದೀತೆಂಬ ಭಯದಿಂದ ನಾವು ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಮೊದಲು ಹಳಸುವುದನ್ನೇ ಅಲ್ಲವೇ?

ಗದ್ದಲದ ನಡುವೆಯೇ ಕೂತು ಬೇಕಾದ್ದನ್ನು ಕೇಳಿಸಿಕೊಳ್ಳುವುದೂ ಉಂಟು. ಗೌರಿಬಿದನೂರಿನ ಬಳಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ 20 ಭೂಕಂಪನ ಮಾಪಕಗಳು ಎರಡು ಸಾಲಾಗಿ ನೆಲಕ್ಕೆ ಕಿವಿಗೊಟ್ಟಿವೆ. ದೂರ ದೇಶದ ಭೂಕಂಪ, ನೆಲದಡಿಯ ಅಣ್ವಸ್ತ್ರ ಸ್ಫೋಟ ಅವಕ್ಕೆ ತಿಳಿಯಬೇಕು. ಆದರೆ ಪೂರ್ತಿ ಸದ್ದಿಲ್ಲದ ನೆಲ ಎಲ್ಲಿದೆ? ಒಂದೊಂದು ಮಾಪಕಕ್ಕೂ ಅದರದರ ಗಾಳಿ, ಅದರದರ ಲಾರಿ. ಎಲ್ಲದರ ದಾಖಲೆಯನ್ನೂ ತಕ್ಕ ಸಮಯದ ಅಂತರಕ್ಕೆ ಹೊಂದಿಸಿ ಕೂಡಿಸಿದಾಗ, ಒಂದಕ್ಕಷ್ಟೇ ಕೇಳಿಸಿದ್ದು ಕುಗ್ಗಿ, ದೂರದಿಂದ ಬಂದು ಎಲ್ಲವನ್ನೂ ತಟ್ಟಿದ್ದು ಮೇಲೇಳುತ್ತದೆ. ನನಗೆ ಈ ಉಪಾಯ ಬಹಳ ದೊಡ್ಡದೆನಿಸುತ್ತದೆ: ಅವು ಸದ್ದಿನ ನಡುವೆಯೇ ಇದ್ದು ಕೇಳಿಸಿಕೊಳ್ಳುತ್ತವೆ. ಆದರೆ ಏನನ್ನು ಕೇಳಲು ಕೂತಿದ್ದೇವೆಂಬುದು ಅವನ್ನು ನೆಟ್ಟವರಿಗೆ ಗೊತ್ತಿತ್ತು. ನಮಗೆ?

ಊರಿನಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಟೊಮೆಟೊ ಬೆಲೆಗೂ ಯಾರದೋ ಶುಭೋದಯಕ್ಕೂ ನಡುವೆ ಬರುತ್ತದೆ. ಮೂರರ ಮೇಲೂ ಹೆಬ್ಬೆರಳು ನಿಲ್ಲುವುದು ಅಷ್ಟೇ ಹೊತ್ತು. ಹಿಂದೆ ಆ ಸುದ್ದಿಯನ್ನು ಒಬ್ಬ ಮನುಷ್ಯ ನಡೆದು ಬಂದು ಹೇಳುತ್ತಿದ್ದ. ಹೇಳಿ, ನೀರು ಕುಡಿದು, ಸ್ವಲ್ಪ ಹೊತ್ತು ಕೂರುತ್ತಿದ್ದ. ಅಷ್ಟರಲ್ಲಿ ಸತ್ತವರು ನಮ್ಮೊಳಗೂ ಸಾಯಲು ಶುರುವಾಗುತ್ತಿದ್ದರು. ಈಗ ತಿಳಿಯುವುದು ಬೇಗ, ಅರಿವಾಗುವುದು ಯಾವಾಗಲೋ. ಅಳು ಬರುವ ಮೊದಲೇ ಇನ್ನೊಂದು ಸುದ್ದಿ ಬಂದಿರುತ್ತದೆ. ಕಳಚಬೇಕಾದ ಪೊರೆ ಮೈಗೇ ಅಂಟಿರುತ್ತದೆ. ಹುಳುವಿಗೆ ಸೊಪ್ಪು ತಡೆಯಲು ಅಜ್ಜಿಯಿದ್ದರು. ನಮಗೆ ಸೊಪ್ಪು ಹಾಕುವವರು ನಾವು ಬಾಯಿ ಮುಚ್ಚುವುದನ್ನು ಬಯಸುವವರಲ್ಲ. ತಡೆಯುವ ಕೆಲಸವೂ ತಿನ್ನುವವನ ತಲೆಗೇ ಬಿದ್ದಿದೆ.

ಈ ಬೆಳೆಯ ನಾಲ್ಕನೇ ಜ್ವರದ ದಿನ ಫೋನನ್ನು ಮನೆಯಲ್ಲೇ ಬಿಟ್ಟು ಶೆಡ್ಡಿಗೆ ಹೋಗಬೇಕೆಂದಿದ್ದೇನೆ. ಯಾರಾದರೂ ತೀರಿಕೊಂಡಿದ್ದರೆ ನನಗೆ ತಡವಾಗಿ ತಿಳಿದೀತು, ಮಣ್ಣಿಗೆ ಹೋಗುವುದೂ ತಪ್ಪೀತು. ಅದೇನು ಸಣ್ಣ ನಷ್ಟವಲ್ಲ. ತಿಳಿದ ಮೇಲೆ ಆ ಮನೆಯ ಜಗಲಿಗೆ ಹೋಗಿ ಕೂರುತ್ತೇನೆ, ಅವರು ಏಳು ಎನ್ನುವವರೆಗೆ.