ಕೋಪದ ಲೆಕ್ಕ

ಕೋಪ ಬಂದಾಗ ಮನುಷ್ಯನಿಗೆ ಮೈಮೇಲೆ ಎಚ್ಚರವಿರುವುದಿಲ್ಲವೆಂದು ನಾವೆಲ್ಲ ಹೇಳುತ್ತೇವೆ. ನಾನೂ ಬಹುಕಾಲ ಹಾಗೆಯೇ ಹೇಳಿಕೊಂಡು ಬಂದವನು. ಆ ಮಾತಿನಲ್ಲಿ ಒಂದು ಅನುಕೂಲವಿದೆ: ತಪ್ಪು ಕೋಪದ್ದಾಗುತ್ತದೆ, ನನ್ನದಾಗುವುದಿಲ್ಲ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ತನ್ನ ಆತ್ಮಕಥೆಯಲ್ಲಿ ಒಂದು ಪ್ರಯೋಗವನ್ನು ವರ್ಣಿಸಿದ್ದಾನೆ. ಮಿತಾಹಾರ, ಮೌನ, ಕ್ರಮ ಮೊದಲಾದ 13 ಸದ್ಗುಣಗಳನ್ನು ಪಟ್ಟಿಮಾಡಿ, ಚಿಕ್ಕ ಪುಸ್ತಕವೊಂದರಲ್ಲಿ ವಾರದ 7 ದಿನಗಳಿಗೂ ಗೆರೆ ಎಳೆದು ಮನೆಗಳನ್ನು ಮಾಡಿ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ ಇಡುತ್ತಿದ್ದನಂತೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ. 13 ವಾರಕ್ಕೆ ಒಂದು ಸುತ್ತು. ವರ್ಷಕ್ಕೆ 4 ಸುತ್ತು. ನನಗೆ ಅಷ್ಟು ಧೈರ್ಯವೆಲ್ಲಿಯದು? ಕೋಪವೊಂದನ್ನೇ ಹಿಡಿದುಕೊಂಡೆ. ಚುಕ್ಕೆಯ ಪಕ್ಕದಲ್ಲಿ, ಯಾರ ಮೇಲೆ ಎಂಬುದನ್ನೂ ಬರೆಯತೊಡಗಿದೆ.

ತಿಂಗಳ ಕೊನೆಗೆ ಪುಸ್ತಕ ತೆರೆದು ನೋಡಿದೆ. ಹೆಂಡತಿಯ ಮೇಲೆ, ಕಾಫಿ ಆರಿತ್ತೆಂದು. ಸೊಪ್ಪಿನವಳ ಮೇಲೆ, ಕಟ್ಟು ಸಣ್ಣದಾಯಿತೆಂದು. ಮಗನ ಮೇಲೆ, ನನ್ನ ಪೆನ್ನು ಮುಟ್ಟಿದನೆಂದು. ಅದೇ ತಿಂಗಳು ನನ್ನ ಮೇಲಧಿಕಾರಿಗಳು ತಾವೇ ಮಾಡಿದ್ದ ತಪ್ಪಿಗೆ ನಾಲ್ಕು ಜನರ ಎದುರಿಗೆ ನನ್ನನ್ನು ಗದರಿಸಿದ್ದರು. ಅವರ ಹೆಸರಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅಂದು ನಾನು ‘ಆಗಲಿ ಸಾರ್’ ಎಂದು ನಗುನಗುತ್ತಲೇ ಹೊರಗೆ ಬಂದಿದ್ದೆ. ತಾರೀಖು ನೋಡಿದೆ. ಪೆನ್ನಿನ ಪ್ರಕರಣ ಅದೇ ಸಂಜೆಯದು.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ನಾನು ಯಾವಾಗಲೂ ಬೇರೆಯವರ ಮನೆಯ ಸಮಾಚಾರವೆಂದೇ ತಿಳಿದಿದ್ದೆ!

ಕೋಪ ಕುರುಡು ಎನ್ನುತ್ತಾರೆ. ನನ್ನ ಕೋಪಕ್ಕೆ ಎರಡು ಕಣ್ಣೂ ಚೆನ್ನಾಗಿಯೇ ಇವೆ. ಎದುರಿಗಿರುವವರು ತಿರುಗಿ ಬೀಳಬಲ್ಲರೇ ಎಂದು ನೋಡಿಕೊಂಡೇ ಅದು ಬಾಯಿ ತೆರೆಯುತ್ತದೆ. ಅಧಿಕಾರಿಯ ಮುಂದೆ ನಾಲಗೆ ಹಿಡಿಯಬಲ್ಲವನು ಮಗನ ಮುಂದೆ ಹಿಡಿಯಲಾರೆನೆಂದರೆ ಯಾರು ನಂಬುತ್ತಾರೆ? ಇದು ನಾಚಿಕೆಯ ಮಾತು. ಆದರೆ ಭರವಸೆಯ ಮಾತೂ ಹೌದು. ತಡೆಯುವ ಶಕ್ತಿ ನನ್ನಲ್ಲಿ ಇದೆ. ಅದನ್ನು ಭಯವಿರುವ ಕಡೆ ಮಾತ್ರ ಖರ್ಚು ಮಾಡಿ, ಪ್ರೀತಿಯಿರುವ ಕಡೆ ಜಿಪುಣನಾಗಿದ್ದೆ, ಅಷ್ಟೆ.

ತಾನು ಪರಿಪೂರ್ಣನಾಗಲಿಲ್ಲವೆಂದೂ, ಪ್ರಯತ್ನಪಟ್ಟದ್ದರಿಂದ ಮಾತ್ರ ಇದ್ದುದಕ್ಕಿಂತ ಮೇಲಾದೆನೆಂದೂ ಫ್ರಾಂಕ್ಲಿನ್ ಒಪ್ಪಿಕೊಂಡಿದ್ದಾನೆ. ನನ್ನ ಪುಸ್ತಕದಲ್ಲಿಯೂ ಈಚೆಗೆ ಚುಕ್ಕೆಗಳು ಕಡಮೆಯಾಗಿವೆ. ಆ ಹೆಮ್ಮೆಯಲ್ಲಿದ್ದಾಗಲೇ ನಿನ್ನೆ ಮಗ ಮೇಜಿನ ಮೇಲಿದ್ದ ನನ್ನ ಪೆನ್ನನ್ನು ಎತ್ತಿಕೊಂಡ. ನಾನು ಒಳಗೆ ಬಂದದ್ದನ್ನು ಕಂಡು ಥಟ್ಟನೆ ಇಟ್ಟುಬಿಟ್ಟ. ನಾನಿನ್ನೂ ಒಂದು ಮಾತೂ ಆಡಿರಲಿಲ್ಲ.

ಆ ಚುಕ್ಕೆಯನ್ನು ಯಾವ ಮನೆಯಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಪೆನ್ನನ್ನು ಅವನ ಕೈಗೆ ಕೊಟ್ಟೆ.