ಪಕ್ಷಮಾಸದಲ್ಲಿ ಕಂಡ ಸ್ವರ್ಗ

2016ರ ಸೆಪ್ಟೆಂಬರ್ 19ರ ರಾತ್ರಿ ಹತ್ತು ಗಂಟೆಗೆ, ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಮಗಳ ಮನೆಯ ಟೀವಿಯಲ್ಲಿ ಒಬ್ಬ ಹೆಣ್ಣುಮಗಳು ಸತ್ತಮೇಲೆ ಕಣ್ಣು ಬಿಟ್ಟಳು. ಆಗಷ್ಟೇ ಪಿತೃಗಳ ಪಕ್ಷಮಾಸ ಹಿಡಿದಿತ್ತು. ನನ್ನ ಯಜಮಾನರು ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು.

ನಮ್ಮಲ್ಲಿ ಜೂನಿಗೆ ಶಾಲೆ ಶುರುವಾಗುವಂತೆ ಇಲ್ಲಿನ ವಾಹಿನಿಗಳಿಗೆ ಸೆಪ್ಟೆಂಬರಿನಲ್ಲಿ ಹೊಸ ವರ್ಷ. ಎನ್‌ಬಿಸಿಯವರ ಹೊಸ ಧಾರಾವಾಹಿಗಳ ಪೈಕಿ ಮೂರನ್ನು ಮಗಳು ಆರಿಸಿದಳು. ದಿನವಿಡೀ ಕೆಲಸ ಮುಗಿಸಿ ಬಂದವಳು ಪಕ್ಕದಲ್ಲಿ ಕೂತು, ನನಗೆ ತಿಳಿಯದ ಇಂಗ್ಲಿಷನ್ನು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು. ಮೊದಲನೆಯದು ‘ದಿ ಗುಡ್ ಪ್ಲೇಸ್’. ಎಲಿನೋರ್ ಎಂಬ ಹೆಂಗಸು ಸ್ವರ್ಗದಲ್ಲಿ ಎಚ್ಚರಾಗುತ್ತಾಳೆ. ಆ ಊರನ್ನು ಕಟ್ಟಿದ ಮೈಕಲ್, ಬಿಳಿಗೂದಲಿನ ಸೌಮ್ಯ ಮನುಷ್ಯ, ಅವಳನ್ನು ಬರಮಾಡಿಕೊಳ್ಳುತ್ತಾನೆ. ಆಮೇಲೆ ಹೊಸಬರಿಗೆಲ್ಲ ಒಂದು ಚಿತ್ರ ತೋರಿಸಲಾಗುತ್ತದೆ: ಭೂಮಿಯಲ್ಲಿ ನೀವು ಮಾಡಿದ ಒಂದೊಂದು ಕೆಲಸಕ್ಕೂ ಅಂಕ ಬಿದ್ದಿದೆ, ಕೂಡುವುದೂ ಕಳೆಯುವುದೂ ನಡೆದಿದೆ, ಸತ್ತ ಕ್ಷಣಕ್ಕೆ ಮೊತ್ತ ಬಂದಿದೆ, ತೀರ ಮೇಲಿನ ಮೊತ್ತದವರಷ್ಟೇ ಇಲ್ಲಿದ್ದೀರಿ.

ಧಾರವಾಡದ ಒಂದು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಡ್ಜರ್ ಬರೆದವಳು ನಾನು. ಆ ಚಿತ್ರ ನೋಡುತ್ತ ನನ್ನ ಬೆನ್ನು ನೆಟ್ಟಗಾಯಿತು. ಚಿತ್ರಗುಪ್ತನ ಕಡತ ನಮಗೆ ಹೊಸದಲ್ಲ. ನಮ್ಮ ಮಾತೇ ಹಾಗಿದೆಯಲ್ಲ, ಬಸ್ಸು ನಿಲ್ಲಿಸೆಂದು ಬೇಡುವಾಗಲೂ ‘ಪುಣ್ಯ ಕಟ್ಕೊಳ್ಳಪ್ಪಾ’ ಅನ್ನುತ್ತೇವೆ. ಕಟ್ಟಿಕೊಳ್ಳುವುದು, ಸೀರೆಯ ಸೆರಗಿಗೆ ನಾಣ್ಯ ಗಂಟು ಹಾಕಿಕೊಂಡಂತೆ. ಖರ್ಚಾದರೆ ಆ ಗಂಟೂ ಮುಗಿಯುತ್ತದೆ, ಸ್ವರ್ಗಕ್ಕೆ ಹೋದವರು ಪುಣ್ಯ ತೀರಿದ ದಿನ ಮತ್ತೆ ಇಲ್ಲಿಗೇ ಬೀಳುತ್ತಾರೆ ಎಂದು ಗೀತೆಯೇ ಹೇಳುತ್ತದೆ. ಜೈನರು ಇನ್ನೂ ಮುಂದೆ ಹೋದರು. ಪಾಪ ಕಬ್ಬಿಣದ ಬೇಡಿಯಾದರೆ ಪುಣ್ಯ ಚಿನ್ನದ ಬೇಡಿ, ಕಟ್ಟಿಹಾಕುವುದರಲ್ಲಿ ಎರಡೂ ಒಂದೇ ಎಂಬುದು ಕುಂದಕುಂದಾಚಾರ್ಯರ ‘ಸಮಯಸಾರ’ದ ವಿಚಾರ. ಹಾಗಾಗಿ ಲೆಕ್ಕವಿದೆ ಎಂಬುದರಿಂದ ನನಗೆ ನೋವಾಗಲಿಲ್ಲ. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು, ಬೌದ್ಧರು ಎಲ್ಲರೂ ನೂರಕ್ಕೆ ಐದರಷ್ಟು ಮಾತ್ರ ಸರಿಯಾಗಿ ಊಹಿಸಿದ್ದರು ಎಂದು ಮೈಕಲ್ ಹೇಳಿದಾಗಲೂ ಆಗಲಿಲ್ಲ. ನನ್ನನ್ನು ಚುಚ್ಚಿದ್ದು, ಸಾವಿನೊಂದಿಗೆ ಖಾತೆ ಮುಚ್ಚಿತು ಅನ್ನುವ ಮಾತು.

ಯಾಕೆಂದರೆ ನಮ್ಮ ಮನೆಯಲ್ಲಿ ಮುಚ್ಚದೆ ಉಳಿದ ಖಾತೆಯೊಂದಿತ್ತು. ಯಜಮಾನರು ಮತ್ತು ಅವರ ತಮ್ಮ ಒಂದು ತುಂಡು ಹೊಲದ ಸಲುವಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಕೊನೆಯ ವಾರ ಆಸ್ಪತ್ರೆಯಲ್ಲಿ ಇವರು ಎರಡು ಸಲ ತಮ್ಮನ ಹೆಸರು ಹಿಡಿದರು. ಫೋನ್ ಹಚ್ಚಲೇ ಎಂದು ಕೇಳಿದೆ. ಗೋಡೆಯ ಕಡೆ ಹೊರಳಿದರು. ನಾನೂ ಹಚ್ಚಲಿಲ್ಲ. ಆ ತಪ್ಪಿನಲ್ಲಿ ನನ್ನದೆಷ್ಟು, ಅವರದೆಷ್ಟು?

ಧಾರಾವಾಹಿಯ ನಿಜವಾದ ಕಥೆ ಆಮೇಲೆ ಶುರುವಾಗುತ್ತದೆ. ಮಾನವ ಹಕ್ಕುಗಳಿಗಾಗಿ ದುಡಿದ, ಅದೇ ಹೆಸರಿನ ವಕೀಲೆ ಬೇರೆ ಇದ್ದಾಳೆ. ಹೆಸರು ಅದಲುಬದಲಾಗಿ ಇವಳು ಬಂದಿದ್ದಾಳೆ. ಇವಳು ಬದುಕಿದ್ದಾಗ ಮುದುಕರಿಗೆ ಸುಳ್ಳು ಔಷಧಿ ಮಾರುತ್ತಿದ್ದವಳು. ಅಲ್ಲಿ ಅವಳಿಗೆ ಜೋಡಿಯಾಗಿ ಸಿಕ್ಕ ಚೀಡಿ ನೀತಿಶಾಸ್ತ್ರದ ಪ್ರಾಧ್ಯಾಪಕ. ‘ನಿನ್ನ ಬೆನ್ನಿಗೆ ನಿಲ್ಲುತ್ತೇನೆ’ ಎಂದು ಅವನಿಂದ ಮಾತು ತೆಗೆದುಕೊಂಡ ಮೇಲೆ ಅವಳು ನಿಜ ಹೇಳುತ್ತಾಳೆ. ಅವನಿಗೆ ಹೊಟ್ಟೆ ನೋವು ಬರುತ್ತದೆ. ಕೊಟ್ಟ ಮಾತು ಉಳಿಸಬೇಕೋ, ಸುಳ್ಳಿಗೆ ಕೈಜೋಡಿಸುವುದನ್ನು ಬಿಡಬೇಕೋ? ಅವಳು ಕೇಳುವುದು ಇಷ್ಟು: ಒಳ್ಳೆಯವಳಾಗುವುದನ್ನು ನನಗೆ ಕಲಿಸು. ಸತ್ತ ಮೇಲೆ!

ಇದು ನಮ್ಮ ಶಾಸ್ತ್ರಕ್ಕೆ ಒಗ್ಗದ ಮಾತು. ಸ್ವರ್ಗ ಭೋಗಭೂಮಿ. ಅಲ್ಲಿ ಉಣ್ಣಬಹುದು, ಬಿತ್ತಲಿಕ್ಕಾಗುವುದಿಲ್ಲ. ಬಿತ್ತುವುದೇನಿದ್ದರೂ ಈ ಕರ್ಮಭೂಮಿಯಲ್ಲಿ. ಅದರ ಮೇಲೆ ನಮ್ಮದು ಮಾಧ್ವರ ಮನೆ. ಚಾತುರ್ಮಾಸದಲ್ಲಿ ‘ಹರಿಕಥಾಮೃತಸಾರ’ದ ಪ್ರವಚನ ಒಂದು ದಿನವೂ ತಪ್ಪಿಸದ ಯಜಮಾನರು. ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಜೀವರು ಸ್ವಭಾವದಿಂದಲೇ ಮೂರು ಬಗೆ: ಮುಕ್ತಿಗೆ ಯೋಗ್ಯರು, ಎಂದೆಂದೂ ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಯೋಗ್ಯರು. ಸಾಧನೆ ಒಳಗಿದ್ದದ್ದನ್ನು ಹೊರಗೆ ತರುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ನಾನು ರಾತ್ರಿ ನಿದ್ದೆ ಬಿಟ್ಟಿದ್ದೇನೆ. ನಾನು ಮೂರನೆಯ ಗುಂಪಿನವಳಾದರೆ ಈ ಉಪವಾಸ, ಈ ಪ್ರದಕ್ಷಿಣೆ ಎಲ್ಲ ಯಾರಿಗಾಗಿ?

ಆ ಸಿದ್ಧಾಂತವನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಎಲಿನೋರಳನ್ನು ನೋಡುತ್ತ ಇಷ್ಟು ವರ್ಷ ಕಣ್ಣಿಗೆ ಬೀಳದ ಒಂದು ಸಂಗತಿ ಕಂಡಿತು. ಜೀವರ ಸ್ವರೂಪ ದೇವರಿಗೆ ಗೊತ್ತು, ನಮಗಲ್ಲ. ಎದುರಿಗಿರುವವನು ಯಾವ ಗುಂಪಿನವನೆಂದು ಓದುವ ಕಣ್ಣು ನನಗಿಲ್ಲವಾದರೆ, ಅವನು ಕಲಿಯಬಲ್ಲ ಎಂದೇ ತಿಳಿದು ನಡೆಯುವುದು ನನ್ನ ಕರ್ತವ್ಯವಾಗುತ್ತದೆ. ಚೀಡಿಯೂ ಅದನ್ನೇ ಮಾಡುತ್ತಾನೆ. ಇವಳಿಗೆ ಯೋಗ್ಯತೆ ಇದೆ ಎಂಬ ಖಾತ್ರಿ ಸಿಕ್ಕಿದ ಮೇಲೆ ಪಾಠ ಶುರುಮಾಡುವುದಿಲ್ಲ. ಹೊಟ್ಟೆ ನೋವು ಹಿಡಿದುಕೊಂಡೇ ಹಲಗೆಯ ಮುಂದೆ ನಿಲ್ಲುತ್ತಾನೆ.

ಉಳಿದ ಎರಡು ಧಾರಾವಾಹಿಗಳ ಬಗ್ಗೆ ಹೆಚ್ಚು ಹೇಳಲಾರೆ. ಮರುದಿನ ಬಂದ ‘ದಿಸ್ ಈಸ್ ಅಸ್’ ಒಂದೇ ದಿನ ಹುಟ್ಟಿದವರ ಕಥೆ. ತ್ರಿವಳಿಗಳಲ್ಲಿ ಒಂದು ಕೂಸು ಉಳಿಯುವುದಿಲ್ಲ. ಅದೇ ದಿನ ಅಗ್ನಿಶಾಮಕ ಠಾಣೆಯ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಕೂಸನ್ನು ಆ ತಂದೆತಾಯಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಮೂರು ಜಾತಕ ಹೆಚ್ಚುಕಡಿಮೆ ಒಂದೇ, ಬದುಕು ಮೂರು ದಿಕ್ಕಿಗೆ. ಠಾಣೆಯಲ್ಲಿ ಸಿಕ್ಕ ಆ ಕೂಸೇ ದೊಡ್ಡವನಾಗಿ ರ್‍ಯಾಂಡಲ್; ತನ್ನನ್ನು ಬಿಟ್ಟುಹೋದ ಮುದಿ ತಂದೆಯನ್ನು ಬೈಯಲೆಂದೇ ಹೋದ ಅವನು, ಮೊಮ್ಮಕ್ಕಳನ್ನು ನೋಡುತ್ತೀಯಾ ಎಂದು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಅಕ್ಟೋಬರ್ 3ರಂದು ಶುರುವಾದ ‘ಟೈಮ್‌ಲೆಸ್’ ಕಾಲವನ್ನು ಹಿಂದಕ್ಕೆ ತಿರುಗಿಸುವವರದು. ಮೊದಲ ಕಂತಿನಲ್ಲೇ ಅವರು 1937ರ ಮೇ 6ಕ್ಕೆ, ಇದೇ ನ್ಯೂಜೆರ್ಸಿಯ ಲೇಕ್‌ಹರ್ಸ್ಟಿಗೆ, ಹಿಂಡನ್‌ಬರ್ಗ್ ಆಕಾಶನೌಕೆ ಹೊತ್ತಿ ಉರಿದು 36 ಜನ ಸತ್ತ ಜಾಗಕ್ಕೆ ಹೋಗುತ್ತಾರೆ. ನಾಯಕಿ ಮರಳಿ ಮನೆಗೆ ಬಂದರೆ ಹಾಸಿಗೆ ಹಿಡಿದಿದ್ದ ತಾಯಿ ಎದ್ದು ಓಡಾಡುತ್ತಿದ್ದಾಳೆ, ತಂಗಿ ಮಾತ್ರ ಹುಟ್ಟೇ ಇಲ್ಲ. ಅಷ್ಟೂ ವರ್ಷ ಹಿಂದಕ್ಕೆ ಹೋಗಿ ಆ ಹೊಲದ ಕಾಗದ ಹರಿದು ಬರುವ ಆಸೆ ನನಗೂ ಎಷ್ಟೋ ಸಲ ಆಗಿದೆ. ಅದರ ಜತೆ ಇನ್ನೇನು ಹರಿದೀತೋ.

ಇವನ್ನೆಲ್ಲ ನೋಡುವಾಗ ಮತ್ತೆ ಮತ್ತೆ ನೆನಪಾದವನು ಧರ್ಮರಾಯ. ಗದುಗಿನ ಭಾರತ ಗದಾಪರ್ವಕ್ಕೇ ನಿಲ್ಲುತ್ತದೆ. ಮುಂದಿನ ಕಥೆ ನನಗೆ ಪುರಾಣ ಹೇಳುವ ಆಚಾರ್ಯರ ಬಾಯಿಂದ ಬಂತು. ಸ್ವರ್ಗಕ್ಕೆ ಹೋದ ಧರ್ಮರಾಯನಿಗೆ ಮೊದಲು ಕಾಣುವವನು ದುರ್ಯೋಧನ, ಸಿಂಹಾಸನದ ಮೇಲೆ. ತನ್ನವರೆಲ್ಲಿ ಎಂದು ಕೇಳಿದಾಗ ದೇವದೂತ ನಾರುವ ಕತ್ತಲ ದಾರಿಯಲ್ಲಿ ಕರೆದೊಯ್ಯುತ್ತಾನೆ. ನಿನ್ನ ಮೈಗಾಳಿ ಬೀಸಿ ನೋವು ತಣಿಯಿತು, ಇನ್ನೂ ಸ್ವಲ್ಪ ನಿಲ್ಲು ಎಂದು ತಮ್ಮಂದಿರ, ದ್ರೌಪದಿಯ ದನಿಗಳು ಬೇಡುತ್ತವೆ. ಅವನು ದೂತನನ್ನು ಹಿಂದಕ್ಕೆ ಕಳಿಸಿ ಅಲ್ಲೇ ನಿಲ್ಲುತ್ತಾನೆ. ಅದೆಲ್ಲ ಮಾಯೆ ಎಂದು ಇಂದ್ರ ಬಂದು ಹೇಳುವುದು ಆಮೇಲೆ. ನಿಲ್ಲುವಾಗ ಅವನಿಗೆ ಅದು ಗೊತ್ತಿರಲಿಲ್ಲ. ಸತ್ತವರಿಗೆ ಇನ್ನೊಬ್ಬರಿಂದ ಏನೋ ತಲುಪುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಬ್ಯಾಂಕಿನ ಕೆಲಸದಲ್ಲೂ ಸತ್ತವರ ಖಾತೆಗೆ ಹೊರಗಿನಿಂದ ಹಣ ಬರುತ್ತಿರುತ್ತದೆ, ಬಾಕಿ ಬಾಡಿಗೆ, ಯಾವುದೋ ಬಡ್ಡಿ. ಅದನ್ನು ಕಳಿಸಿದವರಿಗೆ ಹಿಂದಿರುಗಿಸಬಹುದು. ಇಲ್ಲವೇ ವಾರಸುದಾರರು ಒಪ್ಪಿದರೆ ‘ದಿವಂಗತ ಇಂಥವರ ಎಸ್ಟೇಟ್’ ಎಂದು ಬೇರೆ ಖಾತೆ ತೆರೆದು ಜಮಾ ಮಾಡಬಹುದು. ಅಲ್ಲಿಂದ ಯಾರೂ ತೆಗೆಯುವಂತಿಲ್ಲ, ಜಮಾ ಮಾತ್ರ. ಅಂಥ ಖಾತೆಗಳಿಗೆ ಎಷ್ಟೋ ಸಲ ಶಿಕ್ಕಾ ಒತ್ತಿದ್ದೇನೆ. ಶ್ರಾದ್ಧವೂ ಇಂಥದ್ದೇ ಎಂದು ಹೊಳೆದದ್ದು ಮಾತ್ರ ಈ ಪಕ್ಷಮಾಸದಲ್ಲಿ, ಮೈಕಲ್‌ನ ಲೆಕ್ಕದ ಪರದೆ ನೋಡುವಾಗ.

ಅಕ್ಟೋಬರ್ 1, ಶನಿವಾರ, ಆಶ್ವಿನ ಶುದ್ಧ ಪಾಡ್ಯ. ಮಗಳ ಮಗ ತಾಯಿಯ ತಂದೆಗೆ ತರ್ಪಣ ಕೊಡುವ ದಿನ, ದೌಹಿತ್ರ ಪ್ರತಿಪದೆ. ಒಂಬತ್ತು ವರ್ಷದ ಮೊಮ್ಮಗ ಅಡುಗೆಮನೆಯಲ್ಲಿ ಹಿತ್ತಾಳೆಯ ತಟ್ಟೆಯ ಮುಂದೆ ಕೂತ. ಎಳ್ಳುನೀರನ್ನು ಬೆರಳ ತುದಿಯಿಂದ ಬಿಟ್ಟುಬಿಟ್ಟ, ಅದು ದೇವತೆಗಳಿಗೆ ಬಿಡುವ ರೀತಿ. ಅವನಮ್ಮ ಕೈ ಓರೆ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವಿಂದ ಬಿಡಿಸಿದಳು. ಮೂರನೆಯ ಸಲ ಅವನು ತಾನೇ ಸರಿಯಾಗಿ ಬಿಟ್ಟ.

ರಾತ್ರಿ ಒಂಬತ್ತೂವರೆಗೆ, ಧಾರವಾಡದಲ್ಲಿ ಬೆಳಗಿನ ಏಳು ಹೊಡೆದಿರುವಾಗ, ಮೈದುನನಿಗೆ ಫೋನ್ ಹಚ್ಚಿದೆ. ಐದಾರು ಸಲ ಬಡಿದ ಮೇಲೆ ಎತ್ತಿದ. ನಾನು ಹೆಸರು ಹೇಳಿದೆ. ಆ ಕಡೆ ಯಾರೋ ಕುಕ್ಕರ್ ಇಳಿಸಿದ ಸಪ್ಪಳ ಕೇಳಿತು, ಅವನ ಉಸಿರು ಕೇಳಿತು. ಕೂಸು ಇವತ್ತು ಅಜ್ಜಗ ನೀರು ಬಿಟ್ಟಾನ, ನಿನಗ ಹೇಳಬೇಕನಿಸ್ತು ಅಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

‘ಅಲ್ಲೆ ಈಗ ಎಷ್ಟ ಗಂಟೆ, ವೈನಿ?’ ಅಂದ.