ವಿಶ್ರಾಂತಿ ಮತ್ತು ಪ್ರಮಾದ: ಕಿನೊಸಾಕಿಯ ಬಿಸಿನೀರ ಸತ್ರದಲ್ಲಿ ಒಂದು ವಿಚಾರ

ದುಡಿಯುವವನ ಕೈಯಿಂದ ಆಗುವ ಹಿಂಸೆಯ ವಿಚಾರ ಶ್ರಾವಕರಿಗೆ ಹೊಸದಲ್ಲ. ಉಳುಮೆಯಲ್ಲಿ, ಅಡುಗೆಯಲ್ಲಿ, ವ್ಯಾಪಾರದಲ್ಲಿ ತಪ್ಪಿಸಲಾಗದ ಹಿಂಸೆ ಎಷ್ಟು, ತಪ್ಪಿಸಬಹುದಾದುದು ಎಷ್ಟು ಎಂಬ ವಿವೇಚನೆ ಮನೆಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಮನುಷ್ಯನು ಏನನ್ನೂ ಮಾಡದೆ ದಣಿವಾರಿಸಿಕೊಳ್ಳುತ್ತಿರುವಾಗ ಅವನ ಕೈ ಏನು ಮಾಡುತ್ತದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ತಕ್ಕ ನಿದರ್ಶನವೊಂದು ಜಪಾನಿನ ಬಿಸಿನೀರ ಬುಗ್ಗೆಯ ಊರೊಂದರಲ್ಲಿ ದೊರೆಯುತ್ತದೆ.

ಆ ಊರು ಕಿನೊಸಾಕಿ. ಹ್ಯೋಗೊ ಪ್ರಾಂತದ ಉತ್ತರ ಭಾಗದಲ್ಲಿ, ಬೆಟ್ಟಗಳ ನಡುವೆ, ಓತಾನಿ ಎಂಬ ಕಿರುಹೊಳೆಯ ಇಕ್ಕೆಲಗಳಲ್ಲಿ ಹಬ್ಬಿದೆ. 2005ರಿಂದ ಅದು ತೊಯೊಒಕಾ ನಗರಕ್ಕೆ ಸೇರಿದೆ. ದಂಡೆಯುದ್ದಕ್ಕೂ ವಿಲ್ಲೋ ಮರಗಳು, ಮರದ ಸತ್ರಗಳು, ಊರಿನವರಿಗೂ ಪರಸ್ಥಳದವರಿಗೂ ಸಮಾನವಾದ ಏಳು ಸಾರ್ವಜನಿಕ ಸ್ನಾನಗೃಹಗಳು. ದೋಚಿ ಎಂಬ ಬೌದ್ಧ ಸನ್ಯಾಸಿ ಸಾವಿರ ದಿನ ಪ್ರಾರ್ಥಿಸಿದ ಫಲವಾಗಿ ಕ್ರಿ.ಶ. 720ರಲ್ಲಿ ಬುಗ್ಗೆ ಚಿಮ್ಮಿತೆಂಬುದು ಸ್ಥಳಪುರಾಣ. ಗಾಯಗೊಂಡ ಕೊಕ್ಕರೆಯೊಂದು ಇಲ್ಲಿ ಕಾಲು ನೆನೆಸಿ ಗುಣ ಹೊಂದಿದುದನ್ನು ಕಂಡು ಜನ ಈ ನೀರಿನ ಮಹಿಮೆಯನ್ನು ಅರಿತರೆಂದು ಇನ್ನೊಂದು ಕಥೆ ಹೇಳುತ್ತದೆ.

ಇಂತಹ ಊರುಗಳ ಹಳೆಯ ಸತ್ರಕ್ಕೆ ರಿಯೋಕಾನ್ ಎಂದು ಹೆಸರು. ಸತ್ರವೆಂದ ಕೂಡಲೆ ಧರ್ಮಛತ್ರದ ಚಿತ್ರ ಮನಸ್ಸಿಗೆ ಬರಬಹುದು. ಇದು ಹಾಗಲ್ಲ, ಹಣ ತೆತ್ತು ತಂಗುವ ಮನೆ. ಆದರೂ ಅಲ್ಲಿನ ಶಿಸ್ತು ಕ್ಷೇತ್ರವೊಂದರ ಶಿಸ್ತನ್ನು ನೆನಪಿಸದೆ ಇರದು. ಪಾದರಕ್ಷೆಗಳನ್ನು ಹೊಸ್ತಿಲಿನಲ್ಲಿಯೇ ಬಿಡಬೇಕು. ಒಳಗೆ ನಡೆಯಲು ಮನೆಯ ಚಪ್ಪಲಿಯುಂಟು. ತಾತಾಮಿ ಎಂಬ ಹುಲ್ಲುಚಾಪೆಯ ಕೋಣೆಗೆ ಅದನ್ನೂ ಕಳಚಿಯೇ ಪ್ರವೇಶ. ಕಾಗದ ಅಂಟಿಸಿದ ಬಾಗಿಲನ್ನು ಸದ್ದಿಲ್ಲದೆ ಸರಿಸಬೇಕು. ಸ್ನಾನದ ಕೊಳಕ್ಕೆ ಇಳಿಯುವ ಮೊದಲು ಹೊರಗೆ ಸಣ್ಣ ಪೀಠದ ಮೇಲೆ ಕುಳಿತು, ನೆರೆಯವರ ಮೇಲೆ ನೀರು ಸಿಡಿಯದಂತೆ ಮೈಯನ್ನು ಪೂರ್ತಿಯಾಗಿ ತೊಳೆದುಕೊಳ್ಳಬೇಕು. ಸಾಬೂನಿನ ಒಂದು ಹನಿಯಾಗಲಿ, ಕೈವಸ್ತ್ರದ ಅಂಚಾಗಲಿ ಕೊಳದ ನೀರಿಗೆ ತಾಗಬಾರದು. ಕೊಳವು ಮೈತೊಳೆಯುವ ಸ್ಥಳವಲ್ಲ. ತೊಳೆದ ಮೈಯನ್ನು ಎಲ್ಲರಿಗೂ ಸೇರಿದ ನೀರಿಗೆ ಒಪ್ಪಿಸುವ ಸ್ಥಳ. ಮುಂದೆ ಬರುವ ಅಪರಿಚಿತನು ಅದೇ ನೀರಿಗೆ ಇಳಿಯುವನು ಎಂಬ ಒಂದೇ ಅರಿವಿನ ಮೇಲೆ ಈ ನಿಯಮಗಳೆಲ್ಲ ನಿಂತಿವೆ.

ನೋಡಿ ನಡೆಯುವುದನ್ನು ಈರ್ಯಾಸಮಿತಿ ಎಂದೂ, ವಸ್ತುಗಳನ್ನು ಎಚ್ಚರದಿಂದ ಎತ್ತಿ ಇಡುವುದನ್ನು ಆದಾನನಿಕ್ಷೇಪಣ ಸಮಿತಿ ಎಂದೂ ಕರೆದ ಪರಂಪರೆಯವರಿಗೆ ಇಲ್ಲಿ ಪರಿಚಿತವಾದುದೇನೋ ಕಾಣಬಹುದು. ಭೇದವೂ ದೊಡ್ಡದೇ. ಮುನಿಯ ಸಮಿತಿಯು ಸಕಲ ಜೀವರಾಶಿಯ ಕಡೆಗೆ ತಿರುಗಿದುದು. ಸತ್ರದ ಶಿಸ್ತು ಇನ್ನೊಬ್ಬ ಅತಿಥಿಯ ಕಡೆಗೆ ಮಾತ್ರ. ಸತ್ರದ ಬಾಗಿಲು ದಾಟಿ ಹೊಳೆಯ ದಂಡೆಗೆ ಬಂದರೆ ಆ ಶಿಸ್ತು ಅಲ್ಲಿಗೆ ಮುಗಿಯಿತು.

1913ರಲ್ಲಿ ಅಂತಹ ಸತ್ರವೊಂದರಲ್ಲಿ ತಂಗಿದವನು ಶಿಗಾ ನಾವೊಯಾ, ಮುಂದೆ ಜಪಾನೀ ಸಣ್ಣಕಥೆಯ ಆಚಾರ್ಯಸ್ಥಾನದಲ್ಲಿ ನಿಂತ ಲೇಖಕ. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಟೋಕಿಯೋ ನಗರದಲ್ಲಿ ರೈಲು ಬಡಿದು ತೀವ್ರವಾಗಿ ಗಾಯಗೊಂಡಿದ್ದ ಅವನು ಶರತ್ಕಾಲದಲ್ಲಿ ಆರೋಗ್ಯಕ್ಕಾಗಿ ಕಿನೊಸಾಕಿಗೆ ಬಂದು ಮಿಕಿಯಾ ಎಂಬ ಸತ್ರದಲ್ಲಿ ಸುಮಾರು ಮೂರು ವಾರ ಉಳಿದನು. ಅಂದಿನ ಕಟ್ಟಡ 1925ರ ಭೂಕಂಪದಲ್ಲಿ ನಾಶವಾಯಿತು. ಅದೇ ಹೆಸರಿನ ಸತ್ರ ಮರಳಿ ಎದ್ದು ಇಂದಿಗೂ ನಡೆಯುತ್ತಿದೆ. ತನ್ನ ವಾಸ್ತವ್ಯವನ್ನು ಕುರಿತು ಅವನು 1917ರಲ್ಲಿ ‘ಶಿರಾಕಾಬಾ’ ಪತ್ರಿಕೆಯಲ್ಲಿ ‘ಕಿನೊಸಾಕಿಯಲ್ಲಿ’ ಎಂಬ ಕಿರುಬರಹವನ್ನು ಪ್ರಕಟಿಸಿದನು.

ಅದರಲ್ಲಿ ಮೂರು ಸಾವುಗಳಿವೆ. ಸತ್ರದ ಮಾಡಿನ ಮೇಲೆ ಜೇನುನೊಣವೊಂದು ಸತ್ತು ಬಿದ್ದಿರುತ್ತದೆ. ಉಳಿದ ನೊಣಗಳು ಅದರತ್ತ ನೋಡದೆ ದುಡಿಯುತ್ತಿರುತ್ತವೆ. ಒಂದು ರಾತ್ರಿಯ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಇನ್ನೊಂದು ದಿನ, ಕುತ್ತಿಗೆಗೆ ಮೀನು ಸುಡುವ ಕಡ್ಡಿಯನ್ನು ಚುಚ್ಚಿ ಹೊಳೆಗೆ ಎಸೆದ ಇಲಿಯೊಂದು ದಡ ಹತ್ತಲು ಹೆಣಗುತ್ತಿರುತ್ತದೆ. ಮೇಲೆ ನಿಂತ ಜನ ನಗುತ್ತ ಕಲ್ಲೆಸೆಯುತ್ತಿರುತ್ತಾರೆ. ಈ ದೃಶ್ಯವನ್ನು ನೋಡಲಾರದೆ ಅತಿಥಿಯು ಅಲ್ಲಿಂದ ಸರಿದುಹೋಗುತ್ತಾನೆ. ಮೂರನೆಯದು ಅವನ ಕೈಯಿಂದಲೇ ಆದುದು. ಸಂಜೆಯ ತಿರುಗಾಟದಲ್ಲಿ, ಹೊಳೆಯ ಬಂಡೆಯೊಂದರ ಮೇಲೆ ಇಮೋರಿ ಕುಳಿತಿರುವುದು ಕಾಣುತ್ತದೆ. ಇಮೋರಿ ಹಲ್ಲಿಯನ್ನು ಹೋಲುವ, ಆದರೆ ಕಪ್ಪೆಯ ಬಳಗಕ್ಕೆ ಸಮೀಪವಾದ ನೀರಿನ ಜೀವಿ. ಅದು ಬೆದರಿ ನೀರಿಗೆ ಧುಮುಕಲಿ ಎಂದಷ್ಟೇ ಎಣಿಸಿ ಅವನು ಒಂದು ಕಲ್ಲನ್ನು ಎಸೆಯುತ್ತಾನೆ. ಗುರಿ ಇಟ್ಟಿರಲಿಲ್ಲ, ಇಟ್ಟಿದ್ದರೂ ತಗಲುವಷ್ಟು ಕೈಚಳಕ ಅವನದಲ್ಲ. ಕಲ್ಲು ತಗುಲಿ ಇಮೋರಿ ಸಾಯುತ್ತದೆ.

ರೈಲು ಬಡಿದ ತಾನು ಆಕಸ್ಮಿಕವಾಗಿ ಬದುಕಿದೆ, ಕಲ್ಲು ಬಡಿದ ಆ ಜೀವಿ ಆಕಸ್ಮಿಕವಾಗಿ ಸತ್ತಿತು ಎಂಬ ಒಂಟಿತನದ ಭಾವದೊಂದಿಗೆ ಅವನು ಕತ್ತಲಿನಲ್ಲಿ ಸತ್ರಕ್ಕೆ ಮರಳುತ್ತಾನೆ. ಬರಹದ ಪ್ರಾಮಾಣಿಕತೆ ದೊಡ್ಡದು. ಅಪರಾಧವನ್ನು ಅವನು ಮುಚ್ಚಿಡುವುದಿಲ್ಲ, ಕಣ್ಣೀರಿನಿಂದ ಅಲಂಕರಿಸುವುದೂ ಇಲ್ಲ. ಆದರೆ ನೈತಿಕ ವಿಚಾರವು ಆಕಸ್ಮಿಕ ಎಂಬ ಮಾತಿನಲ್ಲಿ ನಿಲ್ಲಬಹುದೇ?

ಶ್ರಾವಕಾಚಾರದ ದೃಷ್ಟಿಯಿಂದ ಈ ಕಲ್ಲನ್ನು ಪರೀಕ್ಷಿಸಬೇಕು. ಕೊಲ್ಲುವ ಸಂಕಲ್ಪ ಇರಲಿಲ್ಲ. ಆದುದರಿಂದ ಇದು ಸಂಕಲ್ಪೀ ಹಿಂಸೆಯಲ್ಲ. ಮನೆಗೆಲಸಕ್ಕೆ, ಜೀವನೋಪಾಯಕ್ಕೆ, ಆತ್ಮರಕ್ಷಣೆಗೆ ಅಗತ್ಯವಾಗಿರಲಿಲ್ಲ. ಆದುದರಿಂದ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳ ಸಾಲಿಗೂ ಸೇರದು. ಯಾವ ಕಾರಣವೂ ಇಲ್ಲದ ಈ ಕಾರ್ಯಕ್ಕಾಗಿಯೇ ಎಂಬಂತೆ ಗುಣವ್ರತಗಳಲ್ಲಿ ಒಂದು ಹೆಸರಿದೆ: ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅದರ ಐದು ಬಗೆಗಳನ್ನು ಎಣಿಸುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ಸುಮ್ಮನೆ ನೆಲ ಕೆದಕುವುದು, ಸುಮ್ಮನೆ ನೀರು ಚೆಲ್ಲುವುದು, ದಾರಿಯ ಗಿಡದ ಎಲೆ ಕೀಳುವುದು ಮೊದಲಾದವು ಆ ಜಾತಿಯವು. ಇವುಗಳನ್ನು ಮಾಡುವವನು ದುಷ್ಟನಲ್ಲ. ಹೊಟ್ಟೆ ತುಂಬಿದ, ಬಿಡುವಿರುವ ಸಜ್ಜನನೇ ಹೆಚ್ಚಾಗಿ ಇವುಗಳನ್ನು ಮಾಡುವವನು. ಇಲಿಗೆ ಕಲ್ಲೆಸೆದವರನ್ನು ಕಂಡು ಅಸಹ್ಯಪಟ್ಟ ಸೂಕ್ಷ್ಮಮನಸ್ಸಿನವನೇ ಇಮೋರಿಗೆ ಕಲ್ಲೆಸೆದನು ಎಂಬುದನ್ನು ಓದುಗರು ಗಮನಿಸಬೇಕು.

ಇನ್ನೂ ಒಂದು ಹೆಜ್ಜೆ ಇದೆ. ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವಿನಂತೆ ಹಿಂಸೆಯ ನಿರ್ಣಯ ಜೀವಿಯ ಸಾವಿನಿಂದ ಆಗುವುದಿಲ್ಲ, ಕರ್ತೃವಿನ ಎಚ್ಚರಗೇಡಿನಿಂದ ಆಗುತ್ತದೆ. ಹಾಗಿದ್ದರೆ ಕಲ್ಲು ಗುರಿ ತಪ್ಪಿ, ಇಮೋರಿ ನೀರಿಗೆ ಜಿಗಿದು ಬದುಕಿದ್ದರೂ ದೋಷವು ಇದ್ದೇ ಇತ್ತು. ವ್ಯತ್ಯಾಸವಿಷ್ಟೇ: ಅದು ಯಾರಿಗೂ ತಿಳಿಯುತ್ತಿರಲಿಲ್ಲ, ಎಸೆದವನಿಗೂ ತಿಳಿಯುತ್ತಿರಲಿಲ್ಲ. ಬರಹವಂತೂ ಹುಟ್ಟುತ್ತಲೇ ಇರಲಿಲ್ಲ. ಶಿಗಾ ವಿಧಿಯನ್ನು ಕಂಡ ಕಡೆ ಆಚಾರ್ಯರು ಕಲ್ಲನ್ನು ಎತ್ತಿಕೊಂಡ ಕ್ಷಣವನ್ನು ಕಾಣುತ್ತಾರೆ.

ಇದು ಅತಿಯಾಯಿತು, ಬೇನೆಯಿಂದ ಏಳುತ್ತಿರುವ ಮನುಷ್ಯನಿಗೆ ಇಷ್ಟು ಲೆಕ್ಕಾಚಾರ ಬೇಕೇ ಎಂಬ ಆಕ್ಷೇಪ ಸಹಜ. ಆದರೆ ಅದೇ ಮನುಷ್ಯನು ಆ ವಾರಗಳಲ್ಲಿ ಚಪ್ಪಲಿ ಕಳಚುವುದನ್ನಾಗಲಿ, ಮೈ ತೊಳೆದು ಕೊಳಕ್ಕೆ ಇಳಿಯುವುದನ್ನಾಗಲಿ ಹೊರೆಯೆಂದು ಭಾವಿಸಲಿಲ್ಲ. ಆ ಎಚ್ಚರವೇ ಅವನ ವಿಶ್ರಾಂತಿಯ ಭಾಗವಾಗಿತ್ತು. ಅದು ದಂಡೆಯವರೆಗೆ ಏಕೆ ಚಾಚಲಿಲ್ಲ ಎಂಬುದು ಮಾತ್ರ ಪ್ರಶ್ನೆ.

ಈ ಪ್ರದೇಶವೇ ಮತ್ತೊಂದು ಸಾಕ್ಷ್ಯವನ್ನು ಒದಗಿಸಿದೆ. ಬುಗ್ಗೆಯನ್ನು ತೋರಿಸಿಕೊಟ್ಟಿತೆಂದು ಕಥೆ ಹೇಳುವ ಆ ಕೊಕ್ಕರೆಯ ಸಂತತಿ ಮೊದಲು ಬೇಟೆಯಿಂದ ಕುಗ್ಗಿತು. ಯುದ್ಧಾನಂತರ ಗದ್ದೆಗಳಿಗೆ ಸುರಿದ ಕೀಟನಾಶಕಗಳಿಂದ ಇನ್ನಷ್ಟು ಕ್ಷೀಣಿಸಿತು. ಜಪಾನಿನ ಕಾಡುಕೊಕ್ಕರೆಗಳಲ್ಲಿ ಕೊನೆಯದು ಸತ್ತುದು 1971ರಲ್ಲಿ, ಇದೇ ತೊಯೊಒಕಾದಲ್ಲಿ. ಕೀಟನಾಶಕ ಸಿಂಪಡಿಸಿದ ರೈತನು ಕೊಕ್ಕರೆಗೆ ಗುರಿ ಇಟ್ಟಿರಲಿಲ್ಲ. ಸಾಕಿ ಬೆಳೆಸಿದ ಹಕ್ಕಿಗಳನ್ನು 2005ರಲ್ಲಿ ಮರಳಿ ಬಯಲಿಗೆ ಬಿಡಲಾಯಿತು; ಅವು ಉಳಿಯಲೆಂದು ಸುತ್ತಲಿನ ಅನೇಕ ರೈತರು ವಿಷವಿಲ್ಲದೆ, ಅಥವಾ ಅತ್ಯಲ್ಪ ವಿಷ ಬಳಸಿ ಭತ್ತ ಬೆಳೆಯುವುದನ್ನು ರೂಢಿಸಿಕೊಂಡರು.

ಉಳಿದಿರುವುದು ಸತ್ರದ ಅಡುಗೆಮನೆ. ಶಿಗಾ ಅದರತ್ತ ತಿರುಗಿಯೂ ನೋಡುವುದಿಲ್ಲ. ಇಲಿಯ ಕುತ್ತಿಗೆಯಲ್ಲಿದ್ದ ಕಡ್ಡಿ ಮೊದಲು ಯಾವ ಜೀವಿಯನ್ನು ಚುಚ್ಚಲು ಮಾಡಿದುದು ಎಂದು ಬರಹ ಕೇಳುವುದಿಲ್ಲ. ಇಂದು ಚಳಿಗಾಲದ ಅತಿಥಿಗಳಲ್ಲಿ ಬಹುಪಾಲು ಜನ ಏಡಿಯ ಊಟಕ್ಕಾಗಿಯೇ ಕಿನೊಸಾಕಿಗೆ ಬರುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕೈಯಾರೆ ಮಾಡಿದ ಒಂದನ್ನು ಮಾತ್ರ ಪಾಪವೆಂದು ಕಾಣುವುದು ಜಪಾನೀಯರಿಗಷ್ಟೇ ಸೀಮಿತವಾದ ದೌರ್ಬಲ್ಯವಲ್ಲ.

ಅಲ್ಲಿಗೆ ಹೋಗುವ ಶ್ರಾವಕರಿಗೆ ಕಷ್ಟವು ಏಡಿಯಲ್ಲಿಲ್ಲ. ಅದು ಕಣ್ಣಿಗೆ ಕಾಣುತ್ತದೆ, ಬೇಡವೆನ್ನಬಹುದು. ಕಷ್ಟವಿರುವುದು ತಿಳಿಸಾರಿನಲ್ಲಿ. ತರಕಾರಿ ಬೇಯಿಸಿದ ನೀರಿನಲ್ಲಿಯೂ ಒಣಮೀನಿನ ಹೆರೆತ ಇಳಿದಿರುತ್ತದೆ, ಅದನ್ನು ಬಡಿಸುವವರು ಮಾಂಸವೆಂದು ಎಣಿಸುವುದೂ ಇಲ್ಲ. ತಟ್ಟೆ ಮುಂದೆ ಬಂದ ಮೇಲೆ ತಳ್ಳಿದರೆ, ಇಡೀ ಮಧ್ಯಾಹ್ನ ದುಡಿದ ಗೃಹಿಣಿಯ ಮನಸ್ಸು ನೋಯುತ್ತದೆ; ಆಗಬೇಕಾದ ಹಿಂಸೆಯೂ ಆಗಿಹೋಗಿರುತ್ತದೆ. ವಾರಗಳ ಮೊದಲೇ ಪತ್ರ ಬರೆದು, ಮೀನಿನ ಸಾರವಿಲ್ಲದೆ ಕೊಂಬು ಎಂಬ ಕಡಲಪಾಚಿಯ ನೀರಿನಲ್ಲಿ ಬೌದ್ಧ ಮಠಗಳ ರೀತಿಯ ಶೋಜಿನ್ ಅಡುಗೆ ಸಾಧ್ಯವೇ ಎಂದು ಕೇಳುವುದು ಮೇಲು. ಕೆಲವು ಸತ್ರಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಶೋಜಿನ್ ಅಡುಗೆಯಲ್ಲಿಯೂ ಗಡ್ಡೆ, ಅಣಬೆಗಳು ಧಾರಾಳವಾಗಿರುವುದರಿಂದ ಅವುಗಳನ್ನೂ ಹೆಸರಿಸಿಯೇ ಬರೆಯಬೇಕು. ರಾತ್ರಿಭೋಜನ ತ್ಯಾಗದ ವ್ರತವಿದ್ದವರು ಹೊತ್ತನ್ನೂ ನಮೂದಿಸುವುದು ಒಳ್ಳೆಯದು: ಸತ್ರಗಳಲ್ಲಿ ಸಂಜೆಯೂಟ ಸಾಮಾನ್ಯವಾಗಿ ಆರು ಗಂಟೆಯ ಸುಮಾರಿಗೆ, ಡಿಸೆಂಬರಿನಲ್ಲಿ ಕಿನೊಸಾಕಿಯ ಸೂರ್ಯ ಮುಳುಗುವುದು ಐದಕ್ಕೂ ಮೊದಲು.